ಕ್ಯಾನರಿಗಳು ಕಲಿತದ್ದು

ಕಪಾಟಿನ ಬಾಗಿಲು ತೆರೆಯುವ ಮೊದಲೇ ಅದು ಅವನಿಗೆ ಕೇಳಿಸಿತು. ಆಲ್ವಿನ್ ಚಿಲಕದ ಮೇಲಿಟ್ಟ ಕೈಯನ್ನು ಹಾಗೇ ಬಿಟ್ಟು ನಿಂತ. ಒಳಗಿನ ಕತ್ತಲಲ್ಲಿ ಈ ವರ್ಷದ ಕ್ಯಾನರಿ ಮರಿಯೊಂದು ಪಾಠ ಒಪ್ಪಿಸುತ್ತಿತ್ತು. ಮೊದಲು ಗಂಟಲಿನ ಆಳದಲ್ಲಿ ಉರುಳುವ ಟೊಳ್ಳು ದನಿ, ಆಮೇಲೆ ಕಲ್ಲಿನ ಸಂದಿಯಲ್ಲಿ ನೀರು ಹರಿದಂತೆ ಗುಳುಗುಳು, ಆಮೇಲೆ ಮೆಲ್ಲಗೆ ಇಳಿದು ಬರುವ ಕೊಳಲು. ಎಲ್ಲ ಸರಿಯಾಗಿತ್ತು. ಕೊಳಲು ಮುಗಿದ ಮೇಲೆ ಹಕ್ಕಿ ಸುಮ್ಮನಾಗಬೇಕಿತ್ತು, ಆಗಲಿಲ್ಲ. ಯಾರೋ ಹಲ್ಲಿನ ಸಂದಿಯಿಂದ ಗಾಳಿಯನ್ನು ಒಳಗೆಳೆದುಕೊಂಡಂತೆ ಸಣ್ಣಗೆ ಒಂದು ಎಳೆ. ಅದು ನಡುವೆ ತುಂಡಾಗಿ, ಮತ್ತೆ ಅದೇ ಎಳೆ. ಬೇಸಿಗೆಯ ಕೊನೆಯಲ್ಲಿ ಅಟ್ಟದ ಮೆಟ್ಟಿಲ ಬುಡದಲ್ಲಿ ನಿಂತು ಅವನು ಈ ದನಿಯನ್ನು ಕೇಳಿದ್ದ. ಒಂದೊಂದು ಕೆಮ್ಮು ಮುಗಿದಾಗಲೂ ಅವನ ಮಗಳು ಲೀನಾ ಉಸಿರನ್ನು ಹಾಗೆ ಎಳೆದುಕೊಳ್ಳುತ್ತಿದ್ದಳು. ಅವಳನ್ನು ಮಣ್ಣು ಮಾಡಿದ ಜಾಗದ ಮೇಲೆ ಈಗ ಹಿಮ ಬಿದ್ದಿದೆ.

ಅವನು ಬಾಗಿಲನ್ನು ಒಂದು ಬೆರಳಿನಷ್ಟು ಸರಿಸಿದ. ಬೂದುಬಣ್ಣದ ಬೆಳಕು ಒಳಗೆ ಹೋಯಿತು. ಸಾಲುಸಾಲು ಪುಟ್ಟ ಮರದ ಗೂಡುಗಳು, ಒಂದೊಂದರಲ್ಲಿ ಒಂದೊಂದು ಗಂಡು. ಕಣ್ಣಿಗೆ ಏನೂ ಕಾಣದಿದ್ದರೆ ಕಿವಿ ಪಾಠ ಕಲಿಯುತ್ತದೆ ಎಂದು ಆಂಡ್ರಿಯಾಸ್‌ಬರ್ಗ್ ಎಂಬ ಈ ಬೆಟ್ಟದೂರಿನ ಮನೆಮನೆಯಲ್ಲೂ ಶರತ್ಕಾಲ ಬಂತೆಂದರೆ ಮರಿಗಳನ್ನು ಹೀಗೆ ಕತ್ತಲಿಗೆ ಹಾಕುತ್ತಾರೆ. ಕಪಾಟಿನ ನಡುವಿನ ಗೂಡಿನಲ್ಲಿ ಕುಳಿತ ಮುದಿ ಗುರುಹಕ್ಕಿ ಹಾಡುತ್ತದೆ, ಉಳಿದವು ಕೇಳಿ ಕಲಿಯುತ್ತವೆ. ಈ ಬೆಟ್ಟದ ಕ್ಯಾನರಿಗಳು ಕೊಕ್ಕು ಮುಚ್ಚಿಕೊಂಡೇ ಹಾಡುವುದರಿಂದ ಯಾವುದು ಹಾಡಿತೆಂದು ತಿಳಿಯಲು ಗಂಟಲು ಉಬ್ಬಿದ್ದನ್ನು ನೋಡಬೇಕು. ಅವನು ನೋಡಿದ. ಎಲ್ಲ ಗಂಟಲುಗಳೂ ಅಲುಗದೆ ಇದ್ದವು. ಎಲ್ಲ ಕಣ್ಣುಗಳೂ ಅವನನ್ನೇ ನೋಡುತ್ತಿದ್ದವು.

ತಪ್ಪು ಸ್ವರ ಹಿಡಿದ ಮರಿಯನ್ನು ಅದೇ ದಿನ ತೆಗೆದುಬಿಡಬೇಕು. ಇಲ್ಲವಾದರೆ ಪಕ್ಕದ್ದು ಕಲಿಯುತ್ತದೆ, ಅದರ ಪಕ್ಕದ್ದು ಕಲಿಯುತ್ತದೆ, ಹಿಮ ಕರಗುವುದರೊಳಗೆ ಇಡೀ ಮನೆ ಕೆಟ್ಟಿರುತ್ತದೆ. ಹಾಗೆ ಎಷ್ಟು ಮರಿಗಳನ್ನು ತೆಗೆದಿದ್ದನೋ ಅವನಿಗೆ ನೆನಪಿಲ್ಲ. ಹೆಬ್ಬೆರಳನ್ನು ರೆಕ್ಕೆಯ ಕೆಳಗಿಟ್ಟು ಒತ್ತಿದರೆ ಆಯಿತು. ಅದನ್ನು ಮುಗಿಸಿ ಬಂದು ಬ್ರೆಡ್ಡಿಗೆ ಹಂದಿಕೊಬ್ಬು ಸವರಿಕೊಂಡು ತಿನ್ನುತ್ತಿದ್ದ. ಆಲ್ವಿನ್‌ನ ಕಿವಿ ಎಂದರೆ ಊರಿಗೆಲ್ಲ ಗೊತ್ತು. ಹಕ್ಕಿಗಳ ಹಾಡಿನ ಪಂದ್ಯಗಳಲ್ಲಿ ತೀರ್ಪು ಹೇಳಲು ಅವನನ್ನೇ ಕರೆಯುತ್ತಾರೆ. ಬೇರೆ ಮನೆಯವರು ತಮ್ಮ ಹಕ್ಕಿಗಳನ್ನು ಬಟ್ಟೆ ಮುಚ್ಚಿ ತಂದು ಅವನ ಮುಂದಿಟ್ಟು ಮುಖ ನೋಡುತ್ತ ನಿಲ್ಲುತ್ತಾರೆ, ಅವನು ಹುಬ್ಬು ಗಂಟಿಕ್ಕಿದರೆ ಮಾತಿಲ್ಲದೆ ಎತ್ತಿಕೊಂಡು ಹೋಗುತ್ತಾರೆ. ಅಂಥವನು ಹಿಂದಿನ ವಾರ ಆ ಎಳೆಯುವ ಸ್ವರವನ್ನು ಮೊದಲ ಸಲ ಕೇಳಿದಾಗ ಆ ಮರಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋದ. ಅದರ ಎದೆ ಅವನ ಹೆಬ್ಬೆರಳಿನ ಅಡಿಯಲ್ಲಿ ಓಡುತ್ತಿತ್ತು. ಬಹಳ ಹೊತ್ತು ನಿಂತಿದ್ದು, ವಾಪಸು ತಂದು, ಅಡುಗೆಮನೆಯ ಮೂಲೆಯಲ್ಲಿ ಗೋಣಿ ಮುಚ್ಚಿ ಇಟ್ಟ. ಯಾಕೆ ಎಂದು ಹೆಂಡತಿ ಯೆಟ್ಟೆ ಕೇಳಲಿಲ್ಲ. ಈಗ ಎರಡನೆಯದು ಹಾಡುತ್ತಿದೆ. ಅಥವಾ ಯಾವುದೂ ಹಾಡುತ್ತಿಲ್ಲ, ತನ್ನ ಕಿವಿಯೇ ಹಾಡುತ್ತಿದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಅವನಿಗೆ ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ಯೆಟ್ಟೆ ಗೂಡು ಕಟ್ಟಲು ಮರದ ಸಣ್ಣ ಕಡ್ಡಿಗಳನ್ನು ಸೀಳುತ್ತ ಕುಳಿತಿದ್ದಳು. ಅವಳ ಮಡಿಲ ತುಂಬ ಸಿಪ್ಪೆ. ಮದುವೆಯಾಗಿ ಬಂದಾಗ ಕಡ್ಡಿ ಸೀಳುತ್ತ ಹಾಡುತ್ತಿದ್ದವಳಿಗೆ, ಮರಿಗಳಿರುವ ಮನೆಯಲ್ಲಿ ಹಾಡಬಾರದು ಎಂದು ಅವನು ಮೊದಲ ವಾರದಲ್ಲೇ ಹೇಳಿದ್ದ. ಆಮೇಲೆ ಅವಳು ಚರ್ಚಿನಲ್ಲೂ ತುಟಿ ಮಾತ್ರ ಆಡಿಸುತ್ತಿದ್ದಳು. ಇವತ್ತು ಮಧ್ಯಾಹ್ನ ಸೀಬೋಲ್ಡ್ ಬರುತ್ತಾನೆ, ಎಂದು ಅವನು ನೆನಪಿಸಿದ. ಸೀಬೋಲ್ಡ್ ಹಕ್ಕಿ ವ್ಯಾಪಾರಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು, ಹದಿಹರೆಯದಲ್ಲಿ ಒಟ್ಟಿಗೇ ಬೆಳ್ಳಿ ಗಣಿಗೆ ಇಳಿದವರು. ಸೀಬೋಲ್ಡ್ ಬೇಗ ಗಣಿಯಿಂದ ಮೇಲೆ ಬಂದು, ಊರು ಬಿಟ್ಟು ವ್ಯಾಪಾರ ಹಿಡಿದ. ಆಲ್ವಿನ್ ಗಣಿ ಮುಚ್ಚುವ ತನಕ ಅಲ್ಲೇ ಇದ್ದ. ಪ್ರತಿ ವರ್ಷ ಹಿಮ ಬಿದ್ದ ಮೇಲೆ ಸೀಬೋಲ್ಡ್ ಬಂದು ಆಲ್ವಿನ್‌ನ ಹಕ್ಕಿಗಳನ್ನು ಕೇಳಿ, ಆರಿಸಿ, ಬಂದರಿಗೆ ಒಯ್ದು, ಅಮೆರಿಕದ ಹಡಗು ಹತ್ತಿಸುತ್ತಾನೆ. ಯೆಟ್ಟೆ ತಲೆಯೆತ್ತಲಿಲ್ಲ. ಕಾಫಿಗೆ ಬಾರ್ಲಿ ಹುರಿದಿಟ್ಟಿದ್ದೇನೆ, ಎಂದಳು.

"ಈಗ ನಿನಗೇನಾದ್ರೂ ಕೇಳಿಸ್ತಾ?" ಎಂದ ಅವನು.

"ಏನು ಕೇಳಿಸ್ಬೇಕಿತ್ತು?"

ಅವನು ಬಕೆಟ್ ಎತ್ತಿಕೊಂಡು ನೀರಿಗೆ ಹೊರಟ.

ರಸ್ತೆ ಕಡಿದಾಗಿ ಇಳಿಯುತ್ತಿತ್ತು. ಹಿಮದ ಮೇಲೆ ಯಾರೋ ಬೂದಿ ಚೆಲ್ಲಿದ್ದರು. ಜುಲೈನಲ್ಲಿ ಇದೇ ರಸ್ತೆಯಲ್ಲಿ ಲೀನಾ ಕೆಮ್ಮುತ್ತ ಬಂದಿದ್ದಳು, ನಗುತ್ತ, ಕಾಡಿನಲ್ಲಿ ಬ್ಲೂಬೆರ್ರಿ ತಿಂದು ತುಟಿಯೆಲ್ಲ ನೀಲಿ ಮಾಡಿಕೊಂಡು. ಅವಳ ಹಾಸಿಗೆ ಹಕ್ಕಿಗಳ ಕೋಣೆಯಲ್ಲೇ ಇತ್ತು, ಒಲೆಯ ಹಿಂದೆ. ಮನೆಯಲ್ಲಿ ಹಗಲೂ ರಾತ್ರಿ ಬೆಂಕಿ ಆರದಿದ್ದದ್ದು ಅದೊಂದೇ ಕೋಣೆಯಲ್ಲಿ, ಮರಿಗಳಿಗೋಸ್ಕರ. ಅವಳು ಅಲ್ಲೇ ಹುಟ್ಟಿದವಳು. ಮೊಟ್ಟೆಯ ಹಳದಿ ಮರಿಗಳಿಗೆ, ಬಿಳಿ ಲೀನಾಗೆ. ಅದು ಆ ಮನೆಯ ಪದ್ಧತಿ. ಹಳದಿಯ ರುಚಿ ಹೇಗಿರುತ್ತದೆ ಎಂದು ಅವಳು ಒಮ್ಮೆ ಕೇಳಿದ್ದಳು. ಕೆಮ್ಮು ಹೆಚ್ಚಾದ ಮೇಲೆ ಅವನು ಎಚ್ಚರವಿದ್ದು ಕೇಳಿಸಿಕೊಂಡ. ಆದರೆ ಕೇಳಿಸಿಕೊಂಡದ್ದು ಹೇಗೆ? ಎಳೆಯುವ ದನಿ, ತುಂಡಾಗುವ ಜಾಗ, ಮತ್ತೆ ಎಳೆಯುವ ದನಿ. ಪಂದ್ಯದ ಮೇಜಿನ ಮುಂದೆ ಕುಳಿತು ಬೇರೆಯವರ ಹಕ್ಕಿಯ ದೋಷವನ್ನು ಗುರುತಿಸುವ ಹಾಗೆ. ಮರುದಿನ ಊಟದ ಹೊತ್ತಿಗೆ ಆಲೂಗಡ್ಡೆ ಸುಲಿಯುತ್ತ, ಮರಿಗಳು ಇದನ್ನು ಕಲಿತುಬಿಟ್ಟಾವು, ಎಂದ. ಅಷ್ಟೇ ಅಂದದ್ದು. ಯೆಟ್ಟೆ ಚಮಚ ಕೆಳಗಿಟ್ಟಳು. ಅವಳು ಬಾಯಿ ತೆರೆಯುವುದರೊಳಗೆ ಲೀನಾ ಹೇಳಿದಳು, "ನಾನು ಅಟ್ಟದಲ್ಲಿ ಮಲಗ್ತೀನಪ್ಪ. ಅಲ್ಲಿಂದ ಕಾಡೆಲ್ಲ ಕಾಣ್ಸುತ್ತೆ." ಎದ್ದು ದಿಂಬನ್ನು ಎದೆಗವಚಿಕೊಂಡು ತಾನೇ ಮೆಟ್ಟಿಲು ಹತ್ತಿದಳು. ಅವನು ಬೇಡ ಎನ್ನಲಿಲ್ಲ. ಬೇಸಿಗೆಯಲ್ಲವೇ, ಅಟ್ಟ ಬೆಚ್ಚಗೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಬೆಟ್ಟದಲ್ಲಿ ಆಗಸ್ಟ್ ತಿಂಗಳ ರಾತ್ರಿ ಎಷ್ಟು ಚಳಿಯಿರುತ್ತದೆಂದು ಅಲ್ಲೇ ಹುಟ್ಟಿ ಬೆಳೆದವನಿಗೆ ಗೊತ್ತಿರಲಿಲ್ಲವೇ?

ಕ್ಯಾನರಿ ಪಕ್ಕದಲ್ಲಿದ್ದರೆ ರೋಗಿಯ ರೋಗವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ ಎಂಬ ಮಾತು ಆ ಬೆಟ್ಟದಲ್ಲಿದೆ. ಯೆಟ್ಟೆ ಅದನ್ನು ನಂಬುವವಳಲ್ಲ. ಆದರೂ ಒಂದು ದಿನ ಬಂದು, ಮಗುವಿನ ಹತ್ತಿರ ಒಂದು ಹಕ್ಕಿ ಇಡೋಣ, ಎಂದಳು. ಅವನು ಕೊಟ್ಟ. ಹೆಣ್ಣುಹಕ್ಕಿಯನ್ನು ಕೊಟ್ಟ. ಹೆಣ್ಣು ಹಾಡುವುದಿಲ್ಲ, ಹೋದರೂ ನಷ್ಟವಿಲ್ಲ. ಯಾಕಪ್ಪ ಇದು ಹಾಡೋದೇ ಇಲ್ಲ, ಎಂದು ಲೀನಾ ಕೇಳಿದಾಗ ಅವನು ಕಾರಣ ಹೇಳಿದ. ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ಕೇಳಿಸ್ಕೊಳ್ಳುತ್ತೆ ಬಿಡು," ಎಂದಳು. ಆ ಹಕ್ಕಿಗೆ ಏನೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಅದನ್ನು ವಾಪಸು ಕೆಳಗೆ ತಂದು ಬೇರೆ ಹೆಣ್ಣುಗಳ ಜೊತೆ ಬಿಟ್ಟದ್ದು ಅವನೇ. ಈಗ ಅವುಗಳಲ್ಲಿ ಅದು ಯಾವುದೆಂದು ಗುರುತು ಸಿಗುವುದಿಲ್ಲ.

ಕಲ್ಲು ಕಟ್ಟಿದ ನೀರಿನ ತೊಟ್ಟಿಯ ಹತ್ತಿರ ಒಟ್ಟೀಲಿಯಜ್ಜಿ ಹೆಪ್ಪುಗಟ್ಟಿದ ನೀರನ್ನು ಒಡೆಯುತ್ತ ನಿಂತಿದ್ದಳು. ಎದುರುಮನೆಯವಳು. ಅವಳ ಕೋಲನ್ನು ಇಸಿದುಕೊಂಡು ಅವನೇ ಒಡೆದುಕೊಟ್ಟ. ಅಜ್ಜಿ ಅವನ ಮುಖವನ್ನೇ ನೋಡುತ್ತ, ನಿನ್ನ ಹೆಂಡತಿ ನನಗೆಲ್ಲ ಹೇಳಿದ್ದಾಳೆ, ಎಂದಳು. ಅವನ ಕೈ ನಿಂತಿತು. "ಮಗೂಗೆ ಬಿಸಿಲು ಬೀಳ್ಲಿ ಅಂತ ಮೇಲೆ ಮಲಗಿಸಿದ್ಯಂತೆ. ಹಕ್ಕಿ ಧೂಳು ಸೋಕಬಾರ್ದು ಅಂತ. ಎಲ್ಲ ಅಪ್ಪಂದಿರೂ ಅಷ್ಟು ಯೋಚಿಸ್ತಾರಾ? ದೇವರು ಕಿತ್ಕೊಂಡ, ನೀನೇನು ಮಾಡಕ್ಕಾಗುತ್ತೆ." ಅವನು ಕೋಲನ್ನು ಅವಳ ಕೈಗೆ ಕೊಟ್ಟು ಬಕೆಟ್ ತುಂಬಿಸಿಕೊಂಡ. ಅಜ್ಜಿ ಅವನ ತೋಳು ತಟ್ಟಿ, ನಿಧಾನ ಹತ್ತು, ಜಾರುತ್ತೆ, ಎಂದಳು. ತುಂಬಿದ ಬಕೆಟ್ ಹಿಡಿದು ನಿಂತು ನಿಂತು ಏರು ಹತ್ತುವಾಗ ಅವನ ಮುಖ ಬಿಸಿಯಾಗಿತ್ತು. ಯೆಟ್ಟೆ ಊರಿನವರ ಮುಂದೆ ಅವನ ಮಾನ ಕಾಪಾಡಿದ್ದಳು. ಅವನಿಗೆ ಒಂದು ಮಾತೂ ಹೇಳದೆ ಮನೆಮನೆಗೂ ಈ ಸುಳ್ಳನ್ನು ಹಂಚಿ ಬಂದಿದ್ದಳು. ಅದು ಪ್ರೀತಿಯೋ, ಅಥವಾ ಜೀವಮಾನವಿಡೀ ಹೊರಲಿ ಎಂದು ಹೆಗಲ ಮೇಲಿಟ್ಟ ಭಾರವೋ? ಯಾರಾದರೂ ನಡುರಸ್ತೆಯಲ್ಲಿ ತನ್ನ ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಯೆಟ್ಟೆ ಇರಲಿಲ್ಲ. ಮೂಲೆಯಲ್ಲಿ ಗೋಣಿ ನೆಲದ ಮೇಲೆ ಬಿದ್ದಿತ್ತು, ಅದರ ಪಕ್ಕದ ಗೂಡಿನಲ್ಲಿ ಇರಬೇಕಾದ ಮರಿ ಇರಲಿಲ್ಲ. ಆ ಜಾಗದಲ್ಲಿ ಮುದಿ ಗುರುಹಕ್ಕಿ ರೆಕ್ಕೆ ಉಬ್ಬಿಸಿಕೊಂಡು ಸಿಟ್ಟಿನಿಂದ ಕುಳಿತಿತ್ತು. ಅವನು ಬಕೆಟ್ ಇಟ್ಟು ಹಕ್ಕಿಗಳ ಕೋಣೆಗೆ ಹೋದ. ಯೆಟ್ಟೆ ಕಪಾಟಿನ ಮುಂದೆ ಮಂಡಿಯೂರಿದ್ದಳು. ಬಾಗಿಲುಗಳು ಅರ್ಧ ತೆರೆದಿದ್ದವು. ನಡುವಿನ ಗೂಡಿನಲ್ಲಿ, ಗುರುಹಕ್ಕಿಯ ಜಾಗದಲ್ಲಿ, ಅವನು ಕೊಲ್ಲಲಾರದೆ ಬಿಟ್ಟ ಮರಿ ಗಂಟಲು ಉಬ್ಬಿಸಿಕೊಂಡು ಹಾಡುತ್ತಿತ್ತು. ಕೊಳಲು ಮುಗಿಯಿತು. ಎಳೆ ಬಂತು, ತುಂಡಾಯಿತು, ಮತ್ತೆ ಬಂತು. ಮೇಲಿನ ಸಾಲಿನಿಂದ ಇನ್ನೊಂದು ಅದನ್ನೇ ಹೇಳಿತು. ಕೆಳಗಿನಿಂದ ಮತ್ತೊಂದು. ಇದು ಇವತ್ತಿನ ಕೆಲಸವಲ್ಲ ಎಂದು ಅವನಿಗೆ ಗೊತ್ತಾಯಿತು. ಅವನು ಹೊರಗೆ ಹೋದಾಗಲೆಲ್ಲ, ಗೂಡಿಗೆ ಹಾಸುವ ಮರಳಿಗೆ, ಕಾಳಿಗೆ, ಪ್ರಾರ್ಥನೆಗೆ ಹೋದಾಗಲೆಲ್ಲ, ಅವಳು ಗೂಡುಗಳನ್ನು ಅದಲುಬದಲು ಮಾಡಿದ್ದಳು.

"ಎಷ್ಟು ದಿನದಿಂದ?" ಎಂದ.

"ನಿನಗೆ ಕೇಳಿಸಿದ ದಿನಾನೇ ನನಗೂ ಕೇಳಿಸ್ತು. ನೀನು ಅದನ್ನ ಹಿತ್ತಲಿಗೆ ತಗೊಂಡು ಹೋದೆ. ಕಿಟಕೀಲಿ ನೋಡ್ತಾ ನಿಂತಿದ್ದೆ." ಅವಳು ತಿರುಗಿ ನೋಡಲಿಲ್ಲ. "ನೀನು ಅದನ್ನ ಕೊಂದಿದ್ರೆ ಅವತ್ತೇ ಈ ಮನೆ ಬಿಟ್ಟು ಹೋಗ್ತಿದ್ದೆ."

ಸೀಬೋಲ್ಡ್ ಈಗ ಬರುತ್ತಾನೆ, ಎಲ್ಲ ಹಾಳಾಯಿತು, ಚಳಿಗಾಲ ಕಳೆಯುವುದು ಹೇಗೆ ಎಂದೆಲ್ಲ ಅವನು ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ. ಆ ಉಸಿರು ಲೀನಾಳದೇನಾ, ಎಂದು ಕೇಳಿದ.

"ಹೆತ್ತವಳಿಗೆ ಗೊತ್ತಾಗಲ್ವಾ? ನೀನು ಅವಳನ್ನ ಮೇಲಕ್ಕೆ ಕಳಿಸ್ದೆ. ನಾನು ಕೆಳಗೆ ಕರ್ಕೊಂಡು ಬಂದೆ, ಅಷ್ಟೆ."

ಹೊರಗೆ ಬೂಟಿನ ಹಿಮ ಕೊಡವುವ ಸದ್ದಾಯಿತು.

ಸೀಬೋಲ್ಡ್ ಒಳಗೆ ಬಂದವನೇ ಎಂದಿನಂತೆ, ಈ ಏರು ವರ್ಷವರ್ಷಕ್ಕೂ ಉದ್ದವಾಗುತ್ತಿದೆ, ನಿಮ್ಮೂರಿನವರು ರಾತ್ರಿ ಎಳೆದು ಉದ್ದ ಮಾಡುತ್ತೀರಾ ಹೇಗೆ, ಎಂದು ತಮಾಷೆ ಮಾಡಿದ. ಆಮೇಲೆ ಟೋಪಿ ತೆಗೆದು ಯೆಟ್ಟೆಯ ಮುಂದೆ ನಿಂತು, ವಿಷಯ ದಾರಿಯಲ್ಲಿ ತಿಳಿಯಿತು, ಏನು ಹೇಳಬೇಕೋ ತೋಚುತ್ತಿಲ್ಲ ಎಂದ. ಯೆಟ್ಟೆ ತಲೆಯಾಡಿಸಿ ಕಾಫಿ ಕಾಯಿಸಲು ಹೋದಳು. ಹೋಗುವಾಗ ಗಂಡನ ಮುಖವನ್ನು ಒಂದು ಸಲ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ನೀನೇನು ಮಾಡುತ್ತೀಯೋ ನೋಡುತ್ತೇನೆ ಎನ್ನುವಂಥದ್ದು. ಆಲ್ವಿನ್ ಕಪಾಟನ್ನು ತೆರೆದ. ಗೂಡುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ. ಇಬ್ಬರೂ ಕುರ್ಚಿ ಎಳೆದುಕೊಂಡು ಪಕ್ಕಪಕ್ಕದಲ್ಲಿ ಕುಳಿತರು. ಬೆಳಕು ಕಂಡ ಹಕ್ಕಿಗಳು ಮೊದಲು ಸುಮ್ಮನಿದ್ದು, ಆಮೇಲೆ ಒಂದೊಂದಾಗಿ ಶುರು ಮಾಡಿದವು. ಸೀಬೋಲ್ಡ್ ಕಣ್ಣು ಮುಚ್ಚಿಕೊಂಡ. ಟೊಳ್ಳು ದನಿ ಬಂದಾಗ ಅವನ ತುಟಿಯಲ್ಲಿ ಸಣ್ಣ ನಗು ಬಂತು. ಮೊದಲ ಎಳೆಗೆ ನಗು ಹೋಯಿತು. ಎರಡನೆಯ ಹಕ್ಕಿ, ಮೂರನೆಯ ಹಕ್ಕಿ. ಅವನು ಕಣ್ಣು ತೆರೆದು ಗೂಡುಗಳನ್ನಲ್ಲ, ಪಕ್ಕದಲ್ಲಿದ್ದವನನ್ನು ನೋಡಿದ.

ಆಲ್ವಿನ್‌ಗೆ ತಡೆದುಕೊಳ್ಳಲಾಗಲಿಲ್ಲ. ಯಾರಿಗೂ ಹೇಳದಿದ್ದುದನ್ನು ಹೇಳಿದ. ಊರಿನಲ್ಲಿ ಕೇಳಿದ್ದು ಸುಳ್ಳು. ಬಿಸಿಲಿಗೆಂದು ಮೇಲೆ ಮಲಗಿಸಲಿಲ್ಲ. ಈ ಹಕ್ಕಿಗಳು ಅವಳ ಕೆಮ್ಮು ಕಲಿಯಬಾರದೆಂದು ಮಲಗಿಸಿದೆ. ಆದರೂ ಕಲಿತವು, ಅದು ನನ್ನ ಮಗಳ ಉಸಿರು, ಎಂದ. ಸೀಬೋಲ್ಡ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿದ.

"ಹೋದ ವರ್ಷದ ಹಕ್ಕಿಗಳಲ್ಲೂ ಇದಿತ್ತು ಆಲ್ವಿನ್. ಇಷ್ಟು ಇರಲಿಲ್ಲ, ಸ್ವಲ್ಪ. ಇನ್ನೊಬ್ಬರಿಗೆ ಗೊತ್ತಾಗದಷ್ಟು. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಹೋದ ವರ್ಷ ಲೀನಾ ಚೆನ್ನಾಗಿದ್ದಳಲ್ಲ, ಎಂದ ಆಲ್ವಿನ್.

"ಅದಕ್ಕೇ ಹೇಳ್ತಿರೋದು. ಒಂದು ಗಳಿಗೆ ಉಸಿರು ಹಿಡಿ. ಪೂರ್ತಿ ಹಿಡಿ."

ಅವನು ಹಿಡಿದ. ಹಕ್ಕಿಗಳು ಸುಮ್ಮನಿದ್ದವು. ಆಗ ಕೋಣೆಯಲ್ಲಿದ್ದ ಒಂದು ಸದ್ದು ನಿಂತುಹೋಯಿತು. ಅದು ಇತ್ತೆಂದು ಅವನಿಗೆ ಗೊತ್ತಾದದ್ದೇ ಅದು ನಿಂತ ಮೇಲೆ. ಒಲೆಯಲ್ಲಿ ಕಟ್ಟಿಗೆ ಬಿರಿಯಿತು, ಹೊರಗೆ ಸೂರಿನಿಂದ ಹಿಮ ಜಾರಿತು, ಮಧ್ಯದಲ್ಲಿ ಒಂದು ಖಾಲಿ ಜಾಗ, ವರ್ಷಗಟ್ಟಲೆ ಅವನ ಕಿವಿಗೆ ಬೀಳದೆ ಉಳಿದ ಜಾಗ. ಎದೆ ಉರಿಯತೊಡಗಿದಾಗ ಬಿಟ್ಟ, ಮತ್ತೆ ಎಳೆದುಕೊಂಡ. ಹಲ್ಲಿನ ಸಂದಿಯಿಂದ ಬಂದಂಥ ಸಣ್ಣ ಎಳೆ, ನಡುವೆ ತುಂಡು, ಮತ್ತೆ ಎಳೆ. ಮೇಜಿನ ಮೇಲಿನ ಒಂದು ಮರಿ ತಲೆ ಓರೆ ಮಾಡಿ ಅವನನ್ನು ನೋಡಿ, ಗಂಟಲು ಉಬ್ಬಿಸಿ, ಪಾಠ ಒಪ್ಪಿಸಿತು.

"ಗಣಿಯ ಕಲ್ಲುಧೂಳು," ಎಂದ ಸೀಬೋಲ್ಡ್. "ನೀನು ಸಂಜೆಯೆಲ್ಲ ಆ ಕಪಾಟಿಗೆ ಮುಖ ಒತ್ತಿ ಕೂತಿರ್ತೀಯ. ಗುರುಹಕ್ಕಿಗಿಂತ ನೀನೇ ಹತ್ರ. ಮನೆಯವರಿಗೆ ಕೇಳಿಸಲ್ಲ, ಅಭ್ಯಾಸ ಆಗಿಹೋಗಿರುತ್ತೆ."

ಈ ಸಲ ಒಂದನ್ನೂ ಒಯ್ಯಲಾಗುವುದಿಲ್ಲ, ವಸಂತಕ್ಕೆ ಹೊಸ ಮರಿ ಹಾಕು, ಬೇರೆ ಯಾರನ್ನಾದರೂ ಕೂರಿಸು, ವೈದ್ಯರಿಗೆ ತೋರಿಸು ಎಂದೂ ಅವನು ಹೇಳಿದ. ಅದ್ಯಾವುದೂ ಆಲ್ವಿನ್‌ನ ತಲೆಗೆ ಹೋಗಲಿಲ್ಲ. ಅವನ ಕಣ್ಣ ಮುಂದೆ ಲೀನಾ ದಿಂಬು ಅವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು, ಮತ್ತೆ ಮತ್ತೆ, ತಿರುಗಿ ನೋಡದೆ. ಅವಳು ಮೇಲೆ ಹೋದ ರಾತ್ರಿ ತಾನು ನಿಶ್ಚಿಂತೆಯಿಂದ ಗೂಡುಗಳ ಮುಂದೆ ಕುಳಿತು ಮರಿಗಳನ್ನು ಕೇಳಿದ್ದ. ಇಡೀ ಊರು ನಂಬುವ ಕಿವಿ ಅದು. ಮಗುವಿನ ದೋಷವನ್ನು ಅಟ್ಟದಿಂದಲೂ ಹಿಡಿದ ಕಿವಿ.

ಸೀಬೋಲ್ಡ್ ಕಾಫಿ ಕುಡಿಯದೆ ಹೊರಟ. ಯೆಟ್ಟೆ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಎಷ್ಟು ತಗೊಂಡ, ಎಂದಳು. ಒಂದೂ ಇಲ್ಲ ಎಂಬ ಉತ್ತರಕ್ಕೆ ಅವಳ ಮುಖದಲ್ಲಿ ಬೇಸರ ಕಾಣಲಿಲ್ಲ. ಅವಳು ಕೇಳಬೇಕಾಗಿದ್ದದ್ದು ಬೇರೆ ಎಂದು ಅವನಿಗೆ ಗೊತ್ತಿತ್ತು. ಅವಳು ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು, ಕೇಳಿದಳು.

"ಅವನಿಗೂ ಕೇಳಿಸ್ತಾ?"

"ಕೇಳಿಸ್ತು."

"ಏನಂದ?"

ಹೇಳಿಬಿಡಬಹುದಿತ್ತು. ಸೆಪ್ಟೆಂಬರಿನಿಂದ ಈ ಮನೆಯಲ್ಲಿ ಅವಳಿಗೆ ಉಳಿದದ್ದು ಆ ಒಂದು ಎಳೆ; ಅದನ್ನೂ ಕಿತ್ತು, ಅದು ಲೀನಾ ಅಲ್ಲ, ನಾನು ಎಂದರೆ ಅವಳಿಗೆ ಏನು ಉಳಿಯುತ್ತದೆ? ಅಥವಾ ಇದೂ ಅವಳ ಮೇಲಿನ ಕನಿಕರವಲ್ಲ, ತನ್ನ ಹೇಡಿತನವೇ? ಬಾಯಿ ಮುಚ್ಚಿಕೊಂಡಂತೆಯೇ, ಆದಷ್ಟು ಕಡಿಮೆ ಗಾಳಿ ಖರ್ಚು ಮಾಡಿ, ಅವನು ಹೇಳಿದ: "ಲೀನಾ ಥರಾನೇ ಇದೆ ಅಂದ."

ಯೆಟ್ಟೆ ಕುರ್ಚಿಯಲ್ಲಿ ಕುಸಿದು ಅತ್ತಳು. ಹೂಳುವ ದಿನ ಅಳದವಳು ಈಗ ಮಡಿಲಿಗೆ ಮುಖ ಇಟ್ಟು, ಬಟ್ಟೆಗೆ ಹತ್ತಿದ್ದ ಕಡ್ಡಿಯ ಸಿಪ್ಪೆಗಳು ಹಣೆಗೆ ಅಂಟಿಕೊಳ್ಳುವ ಹಾಗೆ, ದನಿ ತೆಗೆದು ಅತ್ತಳು. ಮರಿಗಳಿರುವ ಮನೆಯಲ್ಲಿ ಹಾಗೆ ಯಾರೂ ಅತ್ತಿರಲಿಲ್ಲ. ಹಕ್ಕಿಗಳೆಲ್ಲ ಬೆಚ್ಚಿ ಸುಮ್ಮನಾದವು. ಅವನು ಕಿಟಕಿಯ ಪಕ್ಕ, ಅವಳಿಂದ ಆದಷ್ಟು ದೂರದಲ್ಲಿ ನಿಂತು, ಉಸಿರನ್ನು ತುಂಡುತುಂಡಾಗಿ ಒಳಗೆ ತೆಗೆದುಕೊಳ್ಳುತ್ತಿದ್ದ. ಇನ್ನು ಮೇಲೆ ಹೀಗೇ ಇರಬೇಕು ಎಂದುಕೊಂಡ. ಊಟ ಮಾಡುವಾಗ, ಮಲಗುವಾಗ, ಅವಳು ಪಕ್ಕದಲ್ಲಿರುವಾಗಲೆಲ್ಲ. ಹಿಮದ ಮೇಲಿನ ಬೆಳಕು ಹಳದಿಯಾಗುತ್ತಿತ್ತು.

ಹತ್ತಿರ ಬಾ, ಎಂದಳು ಅವಳು. ಅವನು ಕೇಳಿಸದವನಂತೆ ನಿಂತ. ಅವಳೇ ಎದ್ದು ಬಂದಳು. ಬೇಸಿಗೆಯಿಂದ ಅವನನ್ನು ಮುಟ್ಟದವಳು ಬಂದು ಅವನ ಕೋಟಿನ ಗುಂಡಿಯನ್ನು ಹಿಡಿದುಕೊಂಡಳು, ಹಣೆಯನ್ನು ಎದೆಗೆ ಆನಿಸಿದಳು, ಆಮೇಲೆ ತಲೆ ತಿರುಗಿಸಿ ಕಿವಿಯನ್ನು ಅಲ್ಲಿಟ್ಟಳು. ಅವನು ಉಸಿರು ಹಿಡಿದ. ಎದೆ ಉರಿಯಿತು, ಕಣ್ಣು ಮಂಜಾಯಿತು, ಮೇಜಿನ ಮೇಲಿನ ಗೂಡುಗಳು ಒಂದರೊಳಗೊಂದು ಸೇರಿಹೋದವು. ಕೊನೆಗೆ ಅವನಿಗಾಗಲಿಲ್ಲ. ಗಾಳಿ ತಾನಾಗಿಯೇ ಒಳಗೆ ನುಗ್ಗಿತು, ಸಣ್ಣಗೆ, ತುಂಡಾಗಿ, ಮತ್ತೆ ಸಣ್ಣಗೆ.

ಗುಂಡಿ ಹಿಡಿದ ಅವಳ ಬೆರಳುಗಳು ಬಿಗಿಯಾದವು. ಅವಳ ಮೈ ಕಲ್ಲಿನಂತಾಯಿತು. ಈಗ ತಳ್ಳುತ್ತಾಳೆ ಎಂದು ಅವನು ಕಾದ. ಅವಳು ತಳ್ಳಲಿಲ್ಲ, ಬಿಡಲೂ ಇಲ್ಲ. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಅವನು ಮತ್ತೆ ಉಸಿರು ಹಿಡಿದ.

"ಹಿಡ್ಕೋಬೇಡ," ಎಂದಳು ಯೆಟ್ಟೆ, ಎದೆಯಿಂದ ಕಿವಿ ತೆಗೆಯದೆ. "ಬಿಡು. ಕೇಳ್ಬೇಕು ನಾನು."